ಹಳೇ ಬೆಳ್ಳಿ ಜಗ್: ತಳದಲ್ಲಿ ಸಿಂಹ, ಕಿರೀಟದ ಚಿರತೆ, ಸಣ್ಣ ‘ಇ’. ಯಾವ ಕಾಲದ್ದು?

ಹಳೇಪೆಟ್ಟಿಗೆ:
ಎಲ್ಲರಿಗೂ ನಮಸ್ಕಾರ. ಬೆಳ್ಳಿಯ ಒಂದು ಜಗ್ ಕೈಗೆ ಬಂದಿದೆ, ಗುರುತು ಹಿಡಿಯೋಕೆ ಸಹಾಯ ಬೇಕು. ಎತ್ತರ ಸುಮಾರು 20 ಸೆಂ.ಮೀ. ಹೊಟ್ಟೆ ಕೆಳಗಡೆ ಸ್ವಲ್ಪ ಉಬ್ಬಿದೆ, ಒಂದು ಕಡೆ ದಪ್ಪ ಹಿಡಿ, ಎದುರಿಗೆ ಕೊಕ್ಕಿನಂಥ ಮೂತಿ. ಮೈತುಂಬ ಹೂಬಳ್ಳಿಯ ಉಬ್ಬು ಕೆಲಸ. ಮುಚ್ಚಳ ಇಲ್ಲ. ತಳದಲ್ಲಿ ನಾಲ್ಕು ಮುದ್ರೆ: ನಡೆಯುತ್ತಿರುವ ಸಿಂಹ, ಕಿರೀಟ ಹೊತ್ತ ಪ್ರಾಣಿಯ ಮುಖ, ಇಂಗ್ಲಿಷಿನ ಸಣ್ಣಕ್ಷರದ ‘ಇ’, ಮತ್ತೆ ಎರಡಕ್ಷರದ ಒಂದು ಚೌಕ. ಅದರಲ್ಲಿ ಮೊದಲನೆಯದು ‘ಡಬ್ಲ್ಯೂ’, ಎರಡನೆಯದು ಸವೆದುಹೋಗಿದೆ. ಅಲ್ಲೇ ಪಕ್ಕದಲ್ಲಿ ಯಾರೋ ಸೂಜಿಯಲ್ಲಿ ಗೀಚಿದ ಹಾಗೆ 25, ನಡುವೆ ಎರಡು ಚುಕ್ಕಿ, ಆಮೇಲೆ 10 ಅಂತ ಇದೆ. ತಕ್ಕಡಿಯಲ್ಲಿ 655 ಗ್ರಾಂ ತೂಗುತ್ತೆ. ಯಾವ ಊರು, ಯಾವ ಕಾಲ ಅಂತ ಹೇಳೋಕಾಗುತ್ತಾ?

ಲೂಪ್‌ಹತ್ತು:
ಚೆನ್ನಾಗಿ ವಿವರಿಸಿದ್ದೀರಿ, ಅರ್ಧ ಕೆಲಸ ಮುಗಿದ ಹಾಗೆ.

ಬಲದಿಂದ ಎಡಕ್ಕೆ ನಡೆಯುವ ಸಿಂಹ ಇಂಗ್ಲೆಂಡಿನ ಸ್ಟರ್ಲಿಂಗ್ ಗುರುತು. ಸಾವಿರಕ್ಕೆ 925 ಭಾಗ ಬೆಳ್ಳಿ ಅಂತ ಅರ್ಥ, 1544ರಿಂದ ಒತ್ತುತ್ತಿದ್ದಾರೆ. ಕಿರೀಟದ ಮುಖವನ್ನು ಚಿರತೆ ಅಂತಲೇ ಕರೀತಾರೆ, ನೋಡೋಕೆ ಮಾತ್ರ ಸಿಂಹದ ಮುಖವೇ. ಅದು 1300ರ ಕಾನೂನಿನಿಂದ ಬಂದದ್ದು. 1478ರಿಂದ 1821ರವರೆಗೆ ಲಂಡನ್ನಿನಲ್ಲಿ ಅದರ ತಲೆ ಮೇಲೆ ಕಿರೀಟ ಇತ್ತು, ಆಮೇಲೆ ತೆಗೆದರು. ಅಂದರೆ ನಿಮ್ಮ ಜಗ್ 1821ಕ್ಕಿಂತ ಈಚಿನದಲ್ಲ. ಬೇರೆ ಊರುಗಳಲ್ಲಿ ಬೆಳ್ಳಿ ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿಗಳೂ ಕೆಲವು ಕಾಲ ಚಿರತೆ ಮುಖ ಒತ್ತಿದ್ದುಂಟು. ಆದರೆ ಅವು ಜೊತೆಗೆ ತಮ್ಮ ಊರಿನ ಗುರುತನ್ನೂ ಹಾಕುತ್ತಿದ್ದವು. ಚೆಸ್ಟರ್‌ಗೆ ಗೋಧಿ ಸಿವುಡು ಮತ್ತು ಕತ್ತಿ, ಎಕ್ಸೆಟರ್‌ಗೆ ಮೂರು ಗೋಪುರದ ಕೋಟೆ, ನ್ಯೂಕಾಸಲ್‌ಗೆ ಮೂರು ಕೋಟೆ. ಅಂಥದ್ದೇನೂ ನಿಮ್ಮದರಲ್ಲಿ ಇಲ್ಲದಿದ್ದರೆ ಲಂಡನ್.

ಎರಡಕ್ಷರದ ಚೌಕ ತಯಾರಕನ ಗುರುತು. ‘ಇ’ ಅಂದರೆ ಮುದ್ರೆ ಒತ್ತಿದ ವರ್ಷ ಹೇಳುವ ಅಕ್ಷರ. ಲಂಡನ್ನಿನವರು ಇಪ್ಪತ್ತು ಅಕ್ಷರಗಳ ಸುತ್ತು ನಡೆಸುತ್ತಿದ್ದರು. ‘ಜೆ’ ಬಿಡುತ್ತಿದ್ದರು, ‘ಯು’ ಆದ ಮೇಲಿನವನ್ನೂ ಬಿಡುತ್ತಿದ್ದರು. ಒಂದು ಸುತ್ತು ಮುಗಿದರೆ ಅಕ್ಷರದ ಬರವಣಿಗೆ, ಅದರ ಸುತ್ತಲಿನ ಗುರಾಣಿ ಬದಲಾಗುತ್ತಿತ್ತು. ಸಾದಾ ಸಣ್ಣಕ್ಷರದ ‘ಇ’ ನಿಮಗೆ ಬೇಕಾದ ಅವಧಿಯಲ್ಲಿ ಮೂರು ಕಡೆ ಬರುತ್ತೆ: 1740, 1780, 1820. ಈಗ ಒಂದು ಪ್ರಶ್ನೆ. ರಾಜನ ತಲೆ ಇರುವ ಐದನೇ ಮುದ್ರೆ ಎಲ್ಲಾದರೂ ಇದೆಯಾ? ಬೇರೆ ಮುದ್ರೆಗಳಿಂದ ದೂರ ಸರಿದಿರಬಹುದು, ಪೂರ್ತಿ ಹುಡುಕಿ.

ಹಳೇಪೆಟ್ಟಿಗೆ:
ಪೂರ್ತಿ ಹುಡುಕಿದೆ. ತಳ, ಹಿಡಿ, ಅಂಚು, ಒಳಗಡೆ, ಎಲ್ಲೂ ತಲೆ ಇಲ್ಲ. ನಾಲ್ಕೇ.

ಲೂಪ್‌ಹತ್ತು:
ಹಾಗಾದರೆ 1820 ಕೈಬಿಡಿ. 1784ರ ಡಿಸೆಂಬರ್ 1ರಿಂದ 1890ರವರೆಗೆ ಬೆಳ್ಳಿ ಮೇಲೆ ಸುಂಕ ಕಟ್ಟಿಸಿಕೊಂಡು, ಕಟ್ಟಿದ್ದಕ್ಕೆ ಗುರುತಾಗಿ ದೊರೆಯ ತಲೆ ಒತ್ತುತ್ತಿದ್ದರು. 1820ರ ಜಗ್ ಆಗಿದ್ದರೆ ಆ ತಲೆ ಇರಲೇಬೇಕಿತ್ತು. ಉಳಿದದ್ದು 1740 ಅಥವಾ 1780. ಒಳ್ಳೆಯ ಜಾರ್ಜಿಯನ್, ಅಂದರೆ ಜಾರ್ಜ್ ದೊರೆಗಳ ಕಾಲದ, ಜಗ್ ಸಿಕ್ಕಿದೆ, ಅಭಿನಂದನೆ.

ಕುಲುಮೆ:
ಅಭಿನಂದನೆ ಸ್ವಲ್ಪ ತಡೆದಿಟ್ಟುಕೊಳ್ಳಿ. ಲೂಪ್ ಅವರು ಮುದ್ರೆ ಓದಿದ್ದು ಸರಿಯಾಗಿಯೇ ಇದೆ, ಆದರೆ ಯಾರೂ ಇನ್ನೂ ಜಗ್ ನೋಡಲಿಲ್ಲ. ಮುದ್ರೆ ಹೇಳೋದು ಅದನ್ನು ಒತ್ತಿದ ತಗಡಿನ ಕಥೆ ಮಾತ್ರ. ತಳದ ಮುದ್ರೆ ಮೂತಿಗೆ ಸಾಕ್ಷಿ ಹೇಳಲ್ಲ. ಪ್ರತಿ ಭಾಗ ತನ್ನ ಲೆಕ್ಕ ತಾನೇ ಒಪ್ಪಿಸಬೇಕು.

ಹೊಟ್ಟೆ ಉಬ್ಬಿದ ಮೈ, ದಪ್ಪ ಹಿಡಿ, 20 ಸೆಂ.ಮೀ. ಎತ್ತರ ಅಂದಕೂಡಲೇ ನನಗೆ ಜಗ್ ಕಾಣಲಿಲ್ಲ, ಬಿಯರ್ ಕುಡಿಯುವ ಟ್ಯಾಂಕರ್ಡ್ ಕಾಣಿಸಿತು. ಟ್ಯಾಂಕರ್ಡ್‌ಗೆ ಮುಚ್ಚಳ ಇರುತ್ತೆ, ಮೂತಿ ಇರಲ್ಲ. ನಿಮ್ಮದಕ್ಕೆ ಉಲ್ಟಾ.

ಈ ಮೂರು ನೋಡಿ ಹೇಳಿ. ಒಂದು, ಹಿಡಿಯ ನೆತ್ತಿಯಲ್ಲಿ ಮುಚ್ಚಳದ ತಿರುಗಣೆ ಕೂತಿದ್ದ ಗುರುತು. ಅರದಿಂದ ಉಜ್ಜಿ ಮಟ್ಟ ಮಾಡಿರುತ್ತಾರೆ, ಬೆರಳಿಗೆ ಸಣ್ಣ ದಿಬ್ಬ ಸಿಗುತ್ತೆ. ಎರಡು, ಮೂತಿಯ ಹಿಂದೆ ಒಳಗಡೆ ಕೈಬೆರಳು ಹಾಕಿ: ಮೈ ತಗಡನ್ನು ಕತ್ತರಿಸಿ ತೆಗೆದಿದ್ದಾರಾ, ಇಲ್ಲಾ ಜರಡಿ ಥರ ತೂತು ಕೊರೆದಿದ್ದಾರಾ? ಮೂರು, ಮೂತಿ ಮೈಗೆ ಸೇರುವ ಕಡೆ ಬಾಯಿಂದ ಹಬೆ ಊದಿ. ಕನ್ನಡಿ ಒರೆಸುವಾಗ ಊದ್ತೀವಲ್ಲ, ಹಾಗೆ. ಹಬೆ ಆರುವ ಒಂದೆರಡು ಕ್ಷಣದಲ್ಲಿ ಬೆಸುಗೆಯ ಗೆರೆ ಎದ್ದು ಕಾಣುತ್ತೆ. ಬೆಸುಗೆಯ ಲೋಹದಲ್ಲಿ ಬೆಳ್ಳಿಯ ಪ್ರಮಾಣ ಬೇರೆ ಇರೋದರಿಂದ ಒಣ ಮೈಯಲ್ಲಿ ಮರೆಯಾಗಿದ್ದ ಗೆರೆ ಹಬೆಯಲ್ಲಿ ಬೇರೆ ಬಣ್ಣಕ್ಕೆ ತಿರುಗುತ್ತೆ.

ಜಿಜ್ಞಾಸು:
ಇಷ್ಟೆಲ್ಲ ಯಾಕೆ? ಬೆಳ್ಳಿ ಪರೀಕ್ಷೆ ಮಾಡುವ ಆಸಿಡ್ ಸಿಗುತ್ತಲ್ಲ, ಒಂದು ಹನಿ ಹಾಕಿ ಕೆಂಪಾದರೆ ಬೆಳ್ಳಿ. ಮುಗೀತು.

ಕುಲುಮೆ:
ಬೇಡ. ಆ ಆಸಿಡ್‌ನಲ್ಲಿರುವ ಡೈಕ್ರೋಮೇಟ್ ಬೆಳ್ಳಿಗೆ ತಾಗಿ ಕೆಂಪು ಸಿಲ್ವರ್ ಕ್ರೋಮೇಟ್ ಆಗುತ್ತೆ ಅನ್ನೋದು ನಿಜ. ಆದರೆ ಬೆಳ್ಳಿ ಹೌದೋ ಅಲ್ಲವೋ ಅನ್ನೋದು ಇಲ್ಲಿ ಪ್ರಶ್ನೆಯೇ ಅಲ್ಲ. ಬೇರೆ ಲೋಹಕ್ಕೆ ಹಚ್ಚಿದ ಬೆಳ್ಳಿ ಲೇಪ ದಪ್ಪ ಇದ್ದರೆ ಲೇಪದ ಮೇಲೂ ಕೆಂಪಾಗುತ್ತೆ. ಮೇಲಾಗಿ ಆ ಹನಿ ಬಿದ್ದ ಕಲೆ ಹೋಗಲ್ಲ, ಆ ರಾಸಾಯನಿಕವೂ ಚರ್ಮಕ್ಕೆ, ಉಸಿರಿಗೆ ವಿಷ. ಒರೆ ಹಚ್ಚಲೇಬೇಕಾದರೆ ಒರೆಗಲ್ಲಿನ ಮೇಲೆ ಕಾಣದ ಅಂಚಿನಿಂದ ಒಂದು ಗೆರೆ ಎಳೆದು ಆ ಗೆರೆಗೆ ಹಾಕಬೇಕು. ವಸ್ತುವಿಗೆ ನೇರವಾಗಿ ಅಲ್ಲ.

ನೀರುಗೊಂಬೆ:
ಸಾಂದ್ರತೆ ನೋಡಬಹುದಲ್ಲ? ಸ್ಟರ್ಲಿಂಗ್ ಸುಮಾರು 10.3 ರಿಂದ 10.4. ಬೆಳ್ಳಿಯಂತೆ ಕಾಣುವ ಮಿಶ್ರಲೋಹ ನಿಕ್ಕಲ್ ಸಿಲ್ವರ್ 8.7ರ ಆಸುಪಾಸು, ತಾಮ್ರ 8.96. 655 ಗ್ರಾಂ ಸ್ಟರ್ಲಿಂಗ್ ಆಗಿದ್ದರೆ ಸುಮಾರು 63 ಮಿಲಿಲೀಟರ್ ನೀರು ಹೊರಗೆ ತಳ್ಳಬೇಕು. ಮನೆಯಲ್ಲೇ ಮಾಡಬಹುದು, ಏನೂ ಹಾಳಾಗಲ್ಲ.

ಕುಲುಮೆ:
ಲೆಕ್ಕ ಸರಿ. ತಟ್ಟೆ, ಚಮಚಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಆದರೆ ಟ್ಯಾಂಕರ್ಡ್ ಹಿಡಿ ಒಳಗೆ ಟೊಳ್ಳು. ಬೆಸುಗೆ ಹಾಕುವಾಗ ಬಿಸಿ ಗಾಳಿ ಹೊರಗೆ ಹೋಗಲಿ ಅಂತ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ನೀರಿಗೆ ಹಾಕಿದರೆ ಗಾಳಿ ಅರ್ಧ ಒಳಗೇ ಉಳಿಯುತ್ತೆ, ಬರುವ ಅಂಕಿ ನಂಬೋಕಾಗಲ್ಲ. ನೀರು ಒಳಗೆ ಹೋದರೆ ವಾರಗಟ್ಟಲೆ ಆರಲ್ಲ, ಅದು ಇನ್ನೊಂದು ತಲೆನೋವು.

ಹಳೇಪೆಟ್ಟಿಗೆ:
ಕುಲುಮೆ ಅವರೇ, ಮೂರೂ ನೋಡಿದೆ.

ಹಿಡಿಯ ನೆತ್ತಿಯಲ್ಲಿ ಉಗುರಿನಷ್ಟು ಅಗಲದ ಚಪ್ಪಟೆ ಜಾಗ ಇದೆ, ಅದರ ಎರಡೂ ಬದಿಯಲ್ಲಿ ಅರ್ಧಚಂದ್ರದ ಥರ ಕತ್ತರಿಸಿದ ತುಂಡು ಉಳಿದಿದೆ. ನಾನು ಅದನ್ನು ಅಲಂಕಾರ ಅಂದುಕೊಂಡಿದ್ದೆ. ಮೂತಿಯ ಹಿಂದೆ ಮೈ ತಗಡನ್ನು ಪೂರ್ತಿ ಕತ್ತರಿಸಿಲ್ಲ, ಮೂರು ಸಾಲಾಗಿ ತೂತುಗಳಿವೆ, ಅಂಚು ಒರಟು. ಒಳಗಿನಿಂದ ನೋಡಿದರೆ ತೂತಿನ ಮಧ್ಯೆ ಮೈ ತಗಡು ಸಲೀಸಾಗಿ ಮುಂದುವರಿದಿದೆ. ಹಬೆ ಊದಿದಾಗ ಮೂತಿಯ ಸುತ್ತ ಎಲೆ ಆಕಾರದ ಬೂದು ಗೆರೆ ಒಂದು ಕ್ಷಣ ಸ್ಪಷ್ಟವಾಗಿ ಕಂಡು ಮಾಯವಾಯ್ತು.

ಇನ್ನೊಂದು. ಮೂತಿಯ ಕೆಳಗೆ, ಹೂಬಳ್ಳಿಯ ನಡುವೆ, ತುಂಬ ಆಳವಿಲ್ಲದ ಗುರಾಣಿಯ ಅರ್ಧ ರೂಪ ಇದೆ. ಒಂದು ಎಲೆಯ ನಾಳ ಅದರ ಮೇಲೆಯೇ ಹಾದುಹೋಗಿದೆ. ಆ ಜಾಗ ಹೆಬ್ಬೆರಳಲ್ಲಿ ಒತ್ತಿದರೆ ತಗಡು ಅಲ್ಲಾಡುವಷ್ಟು ತೆಳ್ಳಗಿದೆ.

ಕುಲುಮೆ:
ಇನ್ನೇನು ಬೇಕು! ಟ್ಯಾಂಕರ್ಡ್ ಅದು. ಮುಚ್ಚಳ ಕಿತ್ತು, ಮೂತಿ ಬೆಸೆದು, ಮೈಗೆ ಹೂ ಎಬ್ಬಿಸಿ ಜಗ್ ಮಾಡಿದ್ದಾರೆ. ವಿಕ್ಟೋರಿಯಾ ಕಾಲದಲ್ಲಿ ಇದು ಫ್ಯಾಷನ್ ಆಗಿತ್ತು. ಅಜ್ಜನ ಕಾಲದ ಬಿಯರ್ ಪಾತ್ರೆ ಊಟದ ಮೇಜಿನ ಮೇಲೆ ಚೆನ್ನಾಗಿ ಕಾಣಲ್ಲ, ಜಗ್ ಆದರೆ ಕಾಣುತ್ತೆ ಅನ್ನೋ ಲೆಕ್ಕ. ಸಾದಾ ಜಾರ್ಜಿಯನ್ ಚಮಚದ ಬೋಗುಣಿಗೆ ಹಣ್ಣುಗಳ ಉಬ್ಬು ಹಾಕಿ ‘ಬೆರಿ ಚಮಚ’ ಅಂತ ಮಾಡಿದ್ದೂ ಇದೇ ಜನ. ಅವುಗಳ ಮುದ್ರೆ ಪಕ್ಕಾ ಅಸಲಿ, ಹಣ್ಣುಗಳು ಮಾತ್ರ ಎಷ್ಟೋ ದಶಕ ಈಚಿನವು.

ಗುರಾಣಿ ಹಳೇ ಒಡೆಯರ ಲಾಂಛನ. ಅದನ್ನು ಉಜ್ಜಿ ಅಳಿಸಿದ್ದಕ್ಕೇ ತಗಡು ತೆಳ್ಳಗಾಗಿರೋದು. ಎಲೆಯ ನಾಳ ಅದರ ಮೇಲೆ ಹಾದಿದೆ ಅಂದರೆ ಹೂಬಳ್ಳಿ ಆಮೇಲೆ ಬಂದದ್ದು, ಇದಕ್ಕಿಂತ ಒಳ್ಳೆಯ ಪುರಾವೆ ಸಿಗಲ್ಲ.

ತೂಕದಂಗಡಿ:
ಆ ಗೀಚಿದ ಅಂಕಿ ಯಾರೂ ಮುಟ್ಟಲಿಲ್ಲವಲ್ಲ, ನನಗೆ ಅದೇ ಎಲ್ಲಕ್ಕಿಂತ ಖುಷಿ ಕೊಟ್ಟದ್ದು. 25 ಔನ್ಸ್ 10 ಪೆನ್ನಿವೇಟ್ ಅಂತ. ಟ್ರಾಯ್ ಔನ್ಸ್ 31.103 ಗ್ರಾಂ, ಔನ್ಸಿಗೆ 20 ಪೆನ್ನಿವೇಟ್. ಅಂದರೆ 25.5 ಔನ್ಸ್, ಸುಮಾರು 793 ಗ್ರಾಂ. ಆ ಕಾಲದಲ್ಲಿ ಬೆಳ್ಳಿ ಪಾತ್ರೆ ಅಂದರೆ ಕೂಡಿಟ್ಟ ಹಣವೇ. ಬದಲಾಯಿಸಿಕೊಂಡರೋ ಕದ್ದರೋ ಗೊತ್ತಾಗಲಿ ಅಂತ ತಳದಲ್ಲಿ ತೂಕ ಗೀಚಿಡುತ್ತಿದ್ದರು.

ಈಗ 655. ಕಡಿಮೆ ಆದದ್ದು 138 ಗ್ರಾಂ. ಉಜ್ಜಿ ಉಜ್ಜಿ ಸವೆದರೆ ಇಷ್ಟೊಂದು ಹೋಗಲ್ಲ. ಒಂದು ಗುಮ್ಮಟದ ಮುಚ್ಚಳ, ಅದರ ತಿರುಗಣೆ, ಹೆಬ್ಬೆರಳು ಒತ್ತುವ ತುಂಡು ಹೋಗಿ, ಅದಕ್ಕಿಂತ ಹಗುರದ ಒಂದು ಮೂತಿ ಬಂದಿದೆ ಅಂದುಕೊಂಡರೆ ಲೆಕ್ಕ ಸರಿಹೋಗುತ್ತೆ. ಮುಚ್ಚಳ ಹೋಗಿದೆ ಅಂತ ಹಿಡಿ ಹೇಳಿತು, ತಕ್ಕಡಿಯೂ ಅದನ್ನೇ ಹೇಳ್ತಾ ಇದೆ.

ಮುಂದೆ ಯಾರಾದರೂ ಹಳೇ ಬೆಳ್ಳಿ ನೋಡುವಾಗ ಈ ಗೀಚು ಹುಡುಕಿ ಅಂತ ಕೈಮುಗಿದು ಕೇಳ್ಕೋತೀನಿ. ಗೀಚಿದ ತೂಕಕ್ಕಿಂತ ಈಗಿನ ತೂಕ ಹೆಚ್ಚಿದ್ದರಂತೂ ಇನ್ನೂ ಜೋಪಾನ, ಆಮೇಲೆ ಏನೋ ಸೇರಿಸಿದ್ದಾರೆ ಅಂತಲೇ. ಸವೆತದಿಂದ ಸ್ವಲ್ಪ ಕಡಿಮೆಯಾಗೋದು ಸಹಜ, ಜಾಸ್ತಿಯಾಗೋದು ಸಹಜವಲ್ಲ.

ಜಿಜ್ಞಾಸು:
ಅಂದ್ರೆ ಇದು ನಕಲಿ ಅಂತಾನಾ?

ಲೂಪ್‌ಹತ್ತು:
ಅಲ್ಲ, ನಕಲಿ ಬೇರೆ, ಮಾರ್ಪಾಡು ಬೇರೆ. ಈ ಟ್ಯಾಂಕರ್ಡಿನ ಮೈ, ಹಿಡಿ, ಮುದ್ರೆ ಎಲ್ಲ ಅಸಲಿ. ಮೂತಿ ಮತ್ತು ಹೂಬಳ್ಳಿ ಆಮೇಲಿನ ಸೇರ್ಪಡೆ. ನಕಲಿ ಅಂದರೆ ಮುದ್ರೆಯನ್ನೇ ಮೋಸಕ್ಕೆ ಬಳಸೋದು, ಅದರಲ್ಲೂ ತರಹೇವಾರಿ ಇದೆ.

ಸುಲಭದ್ದು ಎರಕ. ಅಸಲಿ ಚಮಚವನ್ನೇ ಅಚ್ಚಿಗೆ ಹಾಕಿ ಎರಕ ಹೊಯ್ದರೆ ಮುದ್ರೆಯೂ ಜೊತೆಗೆ ಬರುತ್ತೆ. ಉಕ್ಕಿನ ಠಸ್ಸೆಯಿಂದ ಹೊಡೆದ ಮುದ್ರೆಯ ಅಂಚು ಚೂಪಾಗಿರುತ್ತೆ, ಹೊಡೆತಕ್ಕೆ ಲೋಹ ಹಿಂಬದಿಗೆ ಸ್ವಲ್ಪ ಉಬ್ಬಿರುತ್ತೆ. ಎರಕದ ಮುದ್ರೆಯ ಅಂಚು ಸಾಬೂನು ಕರಗಿದ ಹಾಗೆ ದುಂಡಗೆ, ತಳದಲ್ಲಿ ಸಣ್ಣ ಸಣ್ಣ ಗುಳಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್‌ನಲ್ಲಿ ಓರೆ ಬೆಳಕು ಬಿಟ್ಟು ನೋಡಿದರೆ ಗೊತ್ತಾಗುತ್ತೆ. ಆರು ಚಮಚಗಳ ಸೆಟ್ ಸಿಕ್ಕರೆ ಪಕ್ಕಪಕ್ಕ ಇಟ್ಟು ನೋಡಿ. ಕೈಯಿಂದ ಒಂದೊಂದಾಗಿ ಹೊಡೆದ ಮುದ್ರೆಗಳು ಒಂದರಲ್ಲಿ ಸ್ವಲ್ಪ ಮೇಲೆ, ಇನ್ನೊಂದರಲ್ಲಿ ಓರೆ ಇರಲೇಬೇಕು. ಆರಕ್ಕೆ ಆರೂ ಅದೇ ಜಾಗ, ಅದೇ ಓರೆ, ಅದೇ ಗೀರು ಇದ್ದರೆ ಆರೂ ಒಂದೇ ತಾಯಿಯ ಮಕ್ಕಳು.

ಇನ್ನೊಂದು, ಮುದ್ರೆ ಕತ್ತರಿಸಿ ಕೂರಿಸೋದು. ಸಣ್ಣ ಪಾತ್ರೆಯ ಮುದ್ರೆ ಇರುವ ತುಂಡು ಕತ್ತರಿಸಿ ದೊಡ್ಡ ಪಾತ್ರೆಯ ತಳಕ್ಕೆ ಬೆಸೆಯೋದು. ಇದನ್ನು ಕಳ್ಳಗಣ್ಣಿನ ವ್ಯಾಪಾರಿಗಳು ಮಾತ್ರ ಮಾಡಿದ್ದಲ್ಲ. 1720ರಲ್ಲಿ ಇಂಗ್ಲೆಂಡಿನಲ್ಲಿ ಬೆಳ್ಳಿ ಮೇಲೆ ಔನ್ಸಿಗೆ ಆರು ಪೆನ್ಸ್ ಸುಂಕ ಹಾಕಿದಾಗ ಆ ಕಾಲದ ಅಕ್ಕಸಾಲಿಗರೇ ಶುರು ಮಾಡಿದರು. ಚಿಕ್ಕ ವಸ್ತುವೊಂದನ್ನು ಕಚೇರಿಗೆ ಕಳಿಸಿ, ಅದರಷ್ಟಕ್ಕೆ ಸುಂಕ ಕಟ್ಟಿ, ಮುದ್ರೆಯ ಬಿಲ್ಲೆ ಕತ್ತರಿಸಿ ಭಾರದ ವಸ್ತುವಿಗೆ ಹಾಕಿದರೆ ದೊಡ್ಡದಕ್ಕೆ ಸುಂಕವೇ ಇಲ್ಲ. ಪಾಲ್ ಡಿ ಲಾಮೆರಿಯಂಥ ದೊಡ್ಡ ಹೆಸರಿನವನೂ ಈ ಕೆಲಸ ಮಾಡಿದ್ದಾನೆ. 1758ರಲ್ಲಿ ಆ ಸುಂಕ ಹೋಗಿ ಪರವಾನಗಿ ಬಂತು. ಇಂಥ ವಸ್ತುಗಳಲ್ಲಿ ಕೆಲವನ್ನು ಇವತ್ತು ಸಂಗ್ರಹಕಾರರು ಹುಡುಕಿಕೊಂಡು ಹೋಗ್ತಾರೆ, ಯಾಕೆಂದರೆ ಮೋಸ ಸುಂಕದವರಿಗೆ, ಕೆಲಸ ಮಾತ್ರ ಅಪ್ಪಟ.

ಕುಲುಮೆ:
ಬಿಲ್ಲೆ ಹಾಕಿದ್ದಕ್ಕೂ ಅದೇ ಹಬೆಯ ಪರೀಕ್ಷೆ. ಮುದ್ರೆಗಳ ಸುತ್ತ ವೃತ್ತಾಕಾರದ ಗೆರೆ ಎದ್ದರೆ ಕೂತು ಯೋಚಿಸಿ. ಗೆರೆ ಕಾಣದ ಹಾಗೆ ಮೇಲೆ ವಿದ್ಯುತ್ ಲೇಪ ಕೊಟ್ಟಿರೋದೂ ಉಂಟು. ಅದಕ್ಕೆ ನಾನು ನೋಡೋದು ಬೆಂಕಿ ಕಲೆ. ಸ್ಟರ್ಲಿಂಗ್‌ನಲ್ಲಿರುವ ತಾಮ್ರ ಪದೇ ಪದೇ ಕಾಯಿಸುವಾಗ ಮೇಲ್ಮೈಗಿಂತ ಸ್ವಲ್ಪ ಒಳಗೇ ಆಕ್ಸೈಡ್ ಆಗಿ ಕೂರುತ್ತೆ. ಹಳೇ ಪಾತ್ರೆಯನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದರೆ ನೇರಳೆ ಮಿಶ್ರಿತ ಬೂದು ಮೋಡ ಅಲ್ಲಲ್ಲಿ ತೇಲಿದ ಹಾಗೆ ಕಾಣುತ್ತೆ. ಕೊಳೆ ಅಂತ ಉಜ್ಜೋಕೆ ಹೋಗ್ತಾರೆ ಜನ. ಕೊಳೆ ಅಲ್ಲ ಅದು, ಹಳೇ ಕೆಲಸದ ಗುರುತು. ತುದಿಯಿಂದ ತುದಿಗೆ ಒಂದೇ ಸಮ ಬಿಳುಪು, ಎಲ್ಲೂ ಮೋಡವಿಲ್ಲ ಅಂದರೆ ಲೇಪ ಯಾಕೆ ಕೊಟ್ಟರು ಅಂತ ಕೇಳಬೇಕು.

ಎಕ್ಸ್‌ರೇ ಯಂತ್ರದಲ್ಲಿ ಹಿಡಿದರೆ ಎಲ್ಲ ತಿಳಿಯುತ್ತೆ ಅನ್ನುವವರಿಗೂ ಇದೇ ಮಾತು. ಅದು ಓದೋದು ಮೇಲಿನ ತೆಳು ಪದರ ಮಾತ್ರ. ಲೇಪ ಇದ್ದರೆ ಲೇಪದ ಅಂಕಿ ಬರುತ್ತೆ. ಲೇಪ ಇಲ್ಲದಿದ್ದರೂ, ಕಾಯಿಸಿ ಆಮ್ಲದಲ್ಲಿ ಅದ್ದಿ ತೆಗೆದ ಹಳೇ ಬೆಳ್ಳಿಯ ಮೈಮೇಲೆ ತಾಮ್ರ ಕಡಿಮೆಯಾಗಿ ಬೆಳ್ಳಿ ಹೆಚ್ಚಿರುತ್ತೆ. 925 ಇರುವ ಕಡೆ ಅದಕ್ಕಿಂತ ಮೇಲೆ ತೋರಿಸಿದರೆ ಬೆರಗಾಗಬೇಡಿ.

ಸಣ್ಣಚಮಚ:
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನ ಹತ್ತಿರ ಒಂದು ಚಮಚ ಇದೆ. ಒಂದೊಂದು ಗುರಾಣಿಯಲ್ಲಿ ಒಂದೊಂದು ಅಕ್ಷರ, ಇ, ಪಿ, ಎನ್, ಎಸ್. ಆಮೇಲೆ ಎ1. ಹಳೇ ಇಂಗ್ಲಿಷ್ ಅಕ್ಷರ, ನೋಡೋಕೆ ಹಾಲ್‌ಮಾರ್ಕ್ ಥರವೇ ಇದೆ. ಯಾವ ಊರಿನ ಕಚೇರಿ?

ಲೂಪ್‌ಹತ್ತು:
ಯಾವ ಕಚೇರಿಯೂ ಅಲ್ಲ. ಎಲೆಕ್ಟ್ರೋ ಪ್ಲೇಟೆಡ್ ನಿಕ್ಕಲ್ ಸಿಲ್ವರ್ ಅಂತ. ನಿಕ್ಕಲ್ ಸಿಲ್ವರ್ ಅಂದರೆ ತಾಮ್ರ, ನಿಕ್ಕಲ್, ಸತು. ಹೆಸರಿನಲ್ಲಿ ಬಿಟ್ಟರೆ ಬೆಳ್ಳಿ ಇಲ್ಲ. ಜರ್ಮನ್ ಸಿಲ್ವರ್, ಆಲ್ಪಾಕಾ ಅಂತ ಕರೆಯೋದೂ ಇದೇ ಬಗೆಯ ಮಿಶ್ರಲೋಹವನ್ನೇ. ಅದರ ಮೇಲೆ ವಿದ್ಯುತ್ತಿನಿಂದ ಬೆಳ್ಳಿ ಹತ್ತಿಸಿದ್ದಾರೆ. ಈ ವಿದ್ಯುತ್ ಲೇಪದ ಎಲ್ಕಿಂಗ್ಟನ್ ಪೇಟೆಂಟ್ 1840ರದ್ದು, ಹಾಗಾಗಿ ಅದಕ್ಕಿಂತ ಹಳೆಯದಾಗಿರೋಕೆ ಸಾಧ್ಯವಿಲ್ಲ. ಎ1 ತಯಾರಕರು ತಾವೇ ಹೇಳಿಕೊಳ್ಳುವ ಲೇಪದ ದರ್ಜೆ. ಗುರಾಣಿಯೊಳಗೆ ಅಕ್ಷರ ಕೂರಿಸಿದ್ದು ಗಿರಾಕಿ ನಿಮ್ಮ ಹಾಗೇ ಕೇಳಲಿ ಅಂತಲೇ.

ಹಳೇ ಶೆಫೀಲ್ಡ್ ಪ್ಲೇಟ್ ಇದಕ್ಕಿಂತ ಬೇರೆ, ಅದನ್ನು ಕೀಳಾಗಿ ನೋಡಬೇಡಿ. 1743ರ ಸುಮಾರಿಗೆ ಥಾಮಸ್ ಬೋಲ್ಸೋವರ್ ಕಂಡುಹಿಡಿದ ವಿಧಾನ. ತಾಮ್ರದ ಗಟ್ಟಿಗೆ ಬೆಳ್ಳಿ ಹಾಳೆಯನ್ನು ಕಾವಿನಲ್ಲಿ ಬೆಸೆದು, ಎರಡನ್ನೂ ಒಟ್ಟಿಗೆ ತಗಡಾಗಿ ಎಳೆದು, ಆ ತಗಡಿನಿಂದ ಪಾತ್ರೆ ಮಾಡೋದು. ಸವೆದ ಕಡೆ ಬೆಳ್ಳಿಯ ಕೆಳಗಿನಿಂದ ತಾಮ್ರದ ಕೆಂಪು ಇಣುಕುತ್ತೆ. ಅಂಚಿನಲ್ಲಿ ತಾಮ್ರ ಕಾಣದಿರಲಿ ಅಂತ ಬೆಳ್ಳಿ ತಂತಿ ಸುತ್ತಿರುತ್ತಾರೆ, ಉಗುರು ಎಳೆದರೆ ಆ ತಂತಿಯ ಸಂದು ತಾಗುತ್ತೆ.

ಮಿನರ್ವಾ:
ಎಲ್ಲರೂ ಇಂಗ್ಲೆಂಡಿನಲ್ಲೇ ಸುತ್ತುತ್ತಿದ್ದೀರಿ, ನಾನು ಸ್ವಲ್ಪ ಗಡಿ ದಾಟುತ್ತೇನೆ. ಇಲ್ಲಿ ಓದುವವರಲ್ಲಿ ಹಲವರ ಕೈಗೆ ಬರುವುದು ಇಂಗ್ಲಿಷ್ ಬೆಳ್ಳಿ ಅಲ್ಲವೇ ಅಲ್ಲ.

ಶಿರಸ್ತ್ರಾಣ ತೊಟ್ಟ ಹೆಣ್ಣಿನ ತಲೆ, ಪಕ್ಕದಲ್ಲಿ 1 ಅಥವಾ 2 ಇದ್ದರೆ ಫ್ರಾನ್ಸ್, 1838ರ ನಂತರ. 1 ಅಂದರೆ 950, 2 ಅಂದರೆ 800. ಫ್ರೆಂಚರಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ: ಬೆಳ್ಳಿಯ ತಯಾರಕನ ಗುರುತು ವಜ್ರಾಕೃತಿಯೊಳಗೆ, ಲೇಪದ ತಯಾರಕನ ಗುರುತು ಚೌಕದೊಳಗೆ. ಅಕ್ಷರ ಓದಲಾಗದಿದ್ದರೂ ಚೌಕ ಕಂಡರೆ ಬೆಳ್ಳಿಯಲ್ಲ ಎಂದು ತಿಳಿಯುತ್ತದೆ.

ಅರ್ಧಚಂದ್ರ, ಕಿರೀಟ, 800 ಇದ್ದರೆ ಜರ್ಮನಿ, 1888ರಿಂದ. ಡಯಾನಾ ತಲೆ ಮತ್ತು ಒಂದು ಅಂಕಿ ಆಸ್ಟ್ರಿಯಾ-ಹಂಗೇರಿ. ರಷ್ಯಾದ 84 ನೋಡಿ ಗಾಬರಿಯಾಗುವವರು ಬಹಳ, ನೂರಕ್ಕೆ 84 ಅಂದುಕೊಳ್ಳುತ್ತಾರೆ. ಅದು 96ಕ್ಕೆ ಲೆಕ್ಕ. ಝೊಲೊಟ್ನಿಕ್ ಅಲ್ಲಿನ ಹಳೇ ಅಳತೆ, 96 ಝೊಲೊಟ್ನಿಕ್ ಅಂದರೆ ಚೊಕ್ಕ ಬೆಳ್ಳಿ, 84 ಅಂದರೆ 875, 88 ಅಂದರೆ 916. ತಲೆಗೆ ಕೊಕೋಶ್ನಿಕ್ ಎಂಬ ರಷ್ಯನ್ ಶಿರೋಭೂಷಣ ತೊಟ್ಟ ಹೆಣ್ಣಿನ ಮುಖ ಎಡಕ್ಕೆ ತಿರುಗಿದ್ದರೆ 1899ರಿಂದ 1908, ಬಲಕ್ಕಿದ್ದರೆ ಅದರ ನಂತರ. ರಷ್ಯಾದ ಮುದ್ರೆ, ಅದರಲ್ಲೂ ಅಲ್ಲಿನ ಪ್ರಸಿದ್ಧ ಆಭರಣಕಾರ ಫಾಬರ್ಜೆ ಹೆಸರು ಕಂಡರೆ ನಾನು ಮೊದಲು ಅನುಮಾನದಿಂದಲೇ ಶುರು ಮಾಡುವುದು. ಅಷ್ಟು ನಕಲಿ ಅದರಲ್ಲಿದೆ.

ಅಮೆರಿಕದಲ್ಲಿ ಇಂಗ್ಲೆಂಡಿನಂಥ ಪರೀಕ್ಷಾ ಕಚೇರಿಯ ವ್ಯವಸ್ಥೆಯೇ ಬೆಳೆಯಲಿಲ್ಲ. ‘ಸ್ಟರ್ಲಿಂಗ್’ ಎಂದು ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆದಿದ್ದರೆ ಹೆಚ್ಚಾಗಿ ಅಲ್ಲಿನದು. ಅಲ್ಲಿನ ಗೋರಮ್ ಕಂಪನಿಯ ಸಿಂಹ, ಲಂಗರು, ಜಿ ಅಕ್ಷರ ನೋಡಿ ಬರ್ಮಿಂಗ್‌ಹ್ಯಾಂ ಅನ್ನುವವರು ಇದ್ದಾರೆ. ಬರ್ಮಿಂಗ್‌ಹ್ಯಾಂ ಕಚೇರಿಯ ಗುರುತೂ ಲಂಗರೇ, 1773ರಿಂದ. ಅದೇ ವರ್ಷ ಶೆಫೀಲ್ಡ್‌ಗೂ ಕಚೇರಿ ಬಂತು, ಅದರ ಗುರುತು 1975ರವರೆಗೆ ಕಿರೀಟ, ಆಮೇಲೆ ಗುಲಾಬಿ.

ಚೀನಾದ ರಫ್ತು ಬೆಳ್ಳಿಯವರು ಲಂಡನ್ ಮುದ್ರೆಗಳನ್ನೇ ಅಣಕಿಸಿ ಒತ್ತಿದ್ದಾರೆ, ಜರ್ಮನಿಯ ಹನಾವ್‌ನವರು ಹಳೇ ಫ್ರೆಂಚ್ ಮುದ್ರೆಗಳ ಹಾಗೆ ಕಾಣುವಂಥವನ್ನು. ಕಛ್‌ನ ಬೆಳ್ಳಿ ಕೆಲಸಗಾರ ಊಮರ್ಸಿ ಮಾವ್ಜಿ ಇದಕ್ಕೆ ತದ್ವಿರುದ್ಧ. ತನ್ನ ಓ, ಎಂ ಅಕ್ಷರಗಳ ಜೊತೆ ಭುಜ್ ಎಂದು ಊರಿನ ಹೆಸರನ್ನು ನೇರವಾಗಿ ಒತ್ತಿದ. ಅವನ ಕೆಲಸ ಒಮ್ಮೆ ಕಂಡವರಿಗೆ ಮುದ್ರೆ ಬೇಕಾಗುವುದೂ ಇಲ್ಲ. ಬಳ್ಳಿಯ ಒಂದೊಂದು ಎಸಳೂ ಹಿನ್ನೆಲೆಯಿಂದ ಬಿಡಿಸಿಕೊಂಡು ನಿಂತಿರುತ್ತದೆ.

ಹಳೇಪೆಟ್ಟಿಗೆ:
ಎಷ್ಟೊಂದು ವಿಷಯ! ನನ್ನ ಜಗ್‌ಗೆ ವಾಪಸ್ ಬರ್ತೀನಿ. 1740ನಾ, 1780ನಾ? ಅಕ್ಷರ ಸಣ್ಣದು, ಫೋಟೋದಲ್ಲಿ ಹೊಳಪಿಗೆ ಸರಿಯಾಗಿ ಬರ್ತಿಲ್ಲ.

ಲೂಪ್‌ಹತ್ತು:
ಫೋಟೋ ಬಿಡಿ. ಮೇಣದಬತ್ತಿಯ ಹೊಗೆಯನ್ನು ಮುದ್ರೆ ಮೇಲೆ ತೆಳ್ಳಗೆ ಹಿಡಿಸಿ, ಪೂರ್ತಿ ತಣ್ಣಗಾದ ಮೇಲೆ ಪಾರದರ್ಶಕ ಅಂಟುಪಟ್ಟಿ ಒತ್ತಿ ತೆಗೆದು ಬಿಳಿ ಕಾಗದಕ್ಕೆ ಅಂಟಿಸಿ. ಮುದ್ರೆ ಪುಸ್ತಕದಲ್ಲಿ ಅಚ್ಚಾದ ಹಾಗೆ ಬರುತ್ತೆ. ಬೆಳ್ಳಿಯ ಮೇಲಿನ ಕಪ್ಪು ಮೆತ್ತನೆ ಬಟ್ಟೆಗೆ ಹೋಗುತ್ತೆ.

ಆಮೇಲೆ ಅಕ್ಷರ ನೋಡಬೇಡಿ, ಅಕ್ಷರದ ಸುತ್ತಲಿನ ಗುರಾಣಿಯ ಹೊರರೇಖೆ ನೋಡಿ. ಮೇಲಿನ ಅಂಚು ನೇರವೋ ಬಾಗಿದೆಯೋ, ಮೂಲೆ ಕತ್ತರಿಸಿದೆಯೋ, ತಳ ಚೂಪೋ ಅಲೆಯೋ. ಲಂಡನ್ ಪಟ್ಟಿಯಲ್ಲಿ ಎರಡೂ ಸುತ್ತಿನ ‘ಇ’ ಪಕ್ಕಪಕ್ಕ ಇಟ್ಟು ಹೋಲಿಸಿ. ಚಿರತೆಯ ಮುಖ, ಸಿಂಹದ ಚೌಕಟ್ಟು ಕೂಡ ಅದೇ ಸಾಲಿಗೆ ಹೊಂದಬೇಕು. ಮೂರರಲ್ಲಿ ಒಂದು ಮಾತ್ರ ಹೊಂದಿ ಎರಡು ಹೊಂದದಿದ್ದರೆ ಆ ವರ್ಷ ಅಲ್ಲ.

ಹಳೇಪೆಟ್ಟಿಗೆ:
ಮಾಡಿದೆ, ಅಚ್ಚು ಬಹಳ ಚೆನ್ನಾಗಿ ಬಂತು. ಗುರಾಣಿಯ ರೇಖೆ 1780ರ ಸಾಲಿಗೆ ಹೊಂದುತ್ತೆ, 1740ರದ್ದರ ತಳವೇ ಬೇರೆ. ಸಿಂಹ, ಚಿರತೆ ಎರಡೂ 1780ರ ಸಾಲಿನವೇ. ತಯಾರಕನ ಎರಡನೇ ಅಕ್ಷರ ಮಾತ್ರ ಇದರಲ್ಲೂ ಇಲ್ಲ, ಒಂದು ನೆಟ್ಟಗಿನ ಗೆರೆ ಬಿಟ್ಟರೆ.

ಲೂಪ್‌ಹತ್ತು:
ಹಾಗಾದರೆ 1780–81 ಅಂತ ಬರೆಯಿರಿ. ಲಂಡನ್ನಿನ ಅಕ್ಷರ ಬದಲಾಗುತ್ತಿದ್ದದ್ದು ಜನವರಿಯಲ್ಲಲ್ಲ, ಮೇ ತಿಂಗಳಲ್ಲಿ. ಒಂದು ಅಕ್ಷರ ಎರಡು ವರ್ಷಕ್ಕೆ ಹಂಚಿಹೋಗುತ್ತೆ. ಎಲ್ಲ ಕಚೇರಿಗಳೂ ಜನವರಿ 1ಕ್ಕೆ ಬಂದದ್ದು 1975ರಲ್ಲಿ.

ತಯಾರಕನ ಹೆಸರು ಊಹಿಸೋಕೆ ಹೋಗಬೇಡಿ. ‘ಡಬ್ಲ್ಯೂ’ದಿಂದ ಶುರುವಾಗುವವರು ಆ ಕಾಲದ ಲಂಡನ್ನಿನಲ್ಲಿ ದಂಡಿ. ನೆಟ್ಟಗಿನ ಗೆರೆ ಬಿ, ಡಿ, ಎಫ್, ಪಿ, ಆರ್, ಯಾವುದೂ ಆಗಬಹುದು. ಹೆಸರುವಾಸಿಯಾದವನ ಕಡೆಗೆ ಮನಸ್ಸು ತಾನಾಗಿ ಓಡುತ್ತೆ, ಅಲ್ಲೇ ಎಡವೋದು. ಲಂಡನ್ನಿನ ಬೆಳ್ಳಿ ಕೆಲಸದ ಹೆಸ್ಟರ್ ಬೇಟ್‌ಮನ್‌ಗೆ ಬೇಡಿಕೆ ಜಾಸ್ತಿಯಾದ ಮೇಲೆ ಸವೆದ ಎಷ್ಟು ಮುದ್ರೆಗಳು ಅವಳವಾದವೋ ಲೆಕ್ಕವಿಲ್ಲ. ಅವಳು 1761ರಲ್ಲಿ ತನ್ನ ಗುರುತು ದಾಖಲಿಸಿ 1790ರಲ್ಲಿ ಕೆಲಸ ಬಿಟ್ಟವಳು. ಅವಳ ಅಕ್ಷರಗಳು ಕೈಬರಹದ ಶೈಲಿಯವು. 1800ರ ಪಾತ್ರೆಯ ಮೇಲೂ ಅವಳ ಹೆಸರು ಹೇಳುವವರನ್ನು ನೋಡಿದ್ದೀನಿ.

ಜಿಜ್ಞಾಸು:
ಮೂತಿ ತೆಗೆಸಿ, ತೂತು ಮುಚ್ಚಿಸಿ, ಹೊಸ ಮುಚ್ಚಳ ಹಾಕಿಸಿ ಮತ್ತೆ ಟ್ಯಾಂಕರ್ಡ್ ಮಾಡಿಸಬಹುದಲ್ಲ?

ಕುಲುಮೆ:
ಮಾಡಬಹುದು, ಮಾಡಬಾರದು. ಲಾಂಛನ ಅಳಿಸಿದ ಕಡೆ ತಗಡು ಈಗಾಗಲೇ ಬೆರಳಿಗೆ ಅಲ್ಲಾಡ್ತಿದೆ. ಅದರ ಪಕ್ಕದಲ್ಲೇ ಮೂತಿಯ ಬೆಸುಗೆ ಕರಗಿಸೋಕೆ ಕಾವು ಕೊಟ್ಟರೆ ಆ ಜಾಗ ಕುಸಿಯುತ್ತೆ. ಹೂವಿನ ಉಬ್ಬನ್ನು ಒಳಗೆ ತಳ್ಳಿ ಮಟ್ಟ ಮಾಡಿದರೆ ತಗಡು ಇನ್ನೂ ತೆಳ್ಳಗಾಗುತ್ತೆ. ಹೊಸ ಮುಚ್ಚಳಕ್ಕೆ ಹಳೇ ಮುದ್ರೆ ಎಲ್ಲಿಂದ ತರ್ತೀರಿ? ಹಳೇ ಟ್ಯಾಂಕರ್ಡಿನ ಮುಚ್ಚಳದಲ್ಲೂ ಮುದ್ರೆ ಇರಬೇಕು. ಒಂದು ಸುಳ್ಳು ತೆಗೆದು ಇನ್ನೊಂದು ಸುಳ್ಳು ಕೂರಿಸಿದ ಹಾಗಾಗುತ್ತೆ. ಯಾರೋ ನೂರೈವತ್ತು ವರ್ಷದ ಹಿಂದೆ ಮಾಡಿದ ಮೂತಿ, ಕೆಲಸ ಏನೂ ಕಳಪೆ ಇರಲಿಕ್ಕಿಲ್ಲ. ಇರಲಿ ಬಿಡಿ.

ಲೂಪ್‌ಹತ್ತು:
ಕಾನೂನಿನ ಒಂದು ಮಾತು. ಇದು ಬ್ರಿಟನ್ನಿನಲ್ಲಿ ಮಾರಾಟಕ್ಕೆ ಹೋದರೆ ತೊಡಕಿದೆ. ಅಲ್ಲಿನ 1973ರ ಹಾಲ್‌ಮಾರ್ಕ್ ಕಾಯ್ದೆಯ ಪ್ರಕಾರ, ಮುದ್ರೆಯಿರುವ ವಸ್ತುವಿಗೆ ಪರೀಕ್ಷಾ ಕಚೇರಿಯ ಒಪ್ಪಿಗೆ ಇಲ್ಲದೆ ಏನನ್ನಾದರೂ ಸೇರಿಸೋದು, ಬದಲಾಯಿಸೋದು ತಪ್ಪು. ಹಳೆಯ ಮಾರ್ಪಾಡುಗಳನ್ನು ಲಂಡನ್ನಿನಲ್ಲಿ ತಜ್ಞರ ಸಮಿತಿಯೊಂದು ನೋಡುತ್ತೆ. ಸೇರಿಸಿದ ಭಾಗ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಅದಕ್ಕೆ ಇಂದಿನ ಮುದ್ರೆ ಒತ್ತುವ ದಾರಿಯೂ ಇದೆ. ಹರಾಜಿನ ಪಟ್ಟಿಗಳಲ್ಲಿ ಜಗ್ಗಿನ ಮೂತಿಗೆ ಮಾತ್ರ ಹೊಸ ಮುದ್ರೆ ಇರೋದು ಕಂಡರೆ ಕಾರಣ ಇದೇ.

ಹಳೇಪೆಟ್ಟಿಗೆ:
ಮಾರುವ ಯೋಚನೆ ಇಲ್ಲ. ಮೂತಿ ಹಾಗೇ ಇರುತ್ತೆ. ಕಪ್ಪಾಗಿರುವ ಕಡೆ ಮಾತ್ರ ಸ್ವಚ್ಛ ಮಾಡಬೇಕು ಅಂತಿದ್ದೆ, ಅದ್ದಿ ತೆಗೆಯುವ ದ್ರಾವಣ ಆಗುತ್ತಾ?

ಕುಲುಮೆ:
ಆ ದ್ರಾವಣ ಬೇಡವೇ ಬೇಡ. ಹಿಡಿಯ ತೂತಿನಿಂದ ಒಳಗೆ ಹೋದರೆ ತೊಳೆದು ತೆಗೆಯೋಕಾಗಲ್ಲ. ಉಬ್ಬಿನ ಸಂದಿಯಲ್ಲಿರುವ ಕಪ್ಪೂ ಹೋಗಿ ಹೂಗಳು ಬೋಳು ಬೋಳಾಗಿ ಕಾಣುತ್ತವೆ. ಕಪ್ಪು ಅಂದರೆ ಬೆಳ್ಳಿಯ ಸಲ್ಫೈಡ್, ಪ್ರತಿ ಸಲ ತೆಗೆದಾಗಲೂ ಅದರ ಜೊತೆ ಚೂರು ಬೆಳ್ಳಿ ಹೋಗುತ್ತೆ. ಸೌಮ್ಯ ಸಾಬೂನು ಸವರಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ನೀರು ಹಿಡಿಯೊಳಗೆ ಹೋಗದ ಹಾಗೆ ನೋಡಿಕೊಂಡು ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ತಳಕ್ಕೆ ಪಾಲಿಶ್ ಹಚ್ಚಲೇಬೇಡಿ. ಆ ಗೀಚಿದ 25 ಔನ್ಸು ಕೂದಲೆಳೆಯಷ್ಟೇ ಆಳ ಇದೆ. ಮತ್ತೆ, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡಬೇಡಿ. ರಬ್ಬರಿನಲ್ಲಿ ಗಂಧಕ ಇರುತ್ತೆ, ಅದು ತಾಗಿದ ಕಡೆ ಕಪ್ಪು ಪಟ್ಟಿ ಬೀಳುತ್ತೆ.

ತೂಕದಂಗಡಿ:
ಹಳೇಪೆಟ್ಟಿಗೆ ಅವರೇ, ನಿಮ್ಮ ದಾಖಲೆಯಲ್ಲಿ ಬರೆಯುವಾಗ ಹೀಗೆ ಬರೆದಿಡಿ: ಟ್ಯಾಂಕರ್ಡ್, ಲಂಡನ್, 1780–81, ತಯಾರಕ ಡಬ್ಲ್ಯೂ-ಏನೋ, ಗುರುತಾಗಿಲ್ಲ. ಮುಚ್ಚಳ ಇಲ್ಲ, ಮೂತಿ, ಉಬ್ಬು ಕೆಲಸ ನಂತರದ್ದು, ಮೂತಿಗೆ ಮುದ್ರೆ ಇಲ್ಲ. ಗೀಚು ತೂಕ 25 ಔನ್ಸ್ 10 ಪೆನ್ನಿವೇಟ್, ಈಗ 655 ಗ್ರಾಂ. ಆ ಹೊಗೆಯ ಅಚ್ಚನ್ನೂ ಅದೇ ಹಾಳೆಗೆ ಅಂಟಿಸಿ.

ಸಣ್ಣಚಮಚ:
ನನ್ನ ಎ1 ಚಮಚದ ಹಿಂದೆ ಈಗ ನೋಡಿದೆ, ‘ಇಂಗ್ಲೆಂಡ್’ ಅಂತಲೂ ಬರೆದಿದೆ. ಅದರಿಂದ ಕಾಲ ಏನಾದರೂ ತಿಳಿಯುತ್ತಾ?

ಲೂಪ್‌ಹತ್ತು:
ಹೆಚ್ಚಾಗಿ 1891ರ ನಂತರದ್ದು. ಅಮೆರಿಕ ಆಗ ಹೊರಗಿನ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕು ಅಂತ ಕಡ್ಡಾಯ ಮಾಡಿತು. ಬೋಗುಣಿಯ ಹಿಂಬದಿ, ಮೇಜಿಗೆ ತಾಗುವ ಜಾಗದಲ್ಲಿ ಲೇಪ ಹೋಗಿ ಹಳದಿ ಮಿಶ್ರಿತ ಬೂದು ಲೋಹ ಕಾಣ್ತಿದೆಯಾ ನೋಡಿ.

ಸಣ್ಣಚಮಚ:
ಕಾಣ್ತಿದೆ, ಬಟಾಣಿ ಅಗಲಕ್ಕೆ.

ಲೂಪ್‌ಹತ್ತು:
ನಿಕ್ಕಲ್ ಸಿಲ್ವರ್ ಅದೇ.